ತೊಳೆದ ನೀರು

ಹಳಸಿದ ಎಣ್ಣೆಯ ವಾಸನೆ ಹೇಗಿರುತ್ತದೆ ಎಂದು ನನ್ನನ್ನು ಕೇಳಬೇಡಿ. ಹೇಳಲು ಹೊರಟರೆ ನನಗೇ ವಾಕರಿಕೆ ಬರುತ್ತದೆ. ನನ್ನ ಗಂಡ ದಿನವೂ ಅದನ್ನು ಮೈಮೇಲೆ ಹೊತ್ತುಕೊಂಡು ಮನೆಗೆ ಬರುತ್ತಾನೆ. ಬಾಗಿಲಾಚೆಯೇ ಅಂಗಿ ಬಿಚ್ಚಿಸುತ್ತೇನೆ, ಹಿತ್ತಲಲ್ಲಿ ನಿಲ್ಲಿಸಿ ಮೈಗೆಲ್ಲ ಸೋಪು ತಿಕ್ಕಿಸುತ್ತೇನೆ. ಆದರೂ ಊಟಕ್ಕೆ ಕೂತಾಗ ಅವನ ಕಿವಿಯ ಹಿಂದಿನಿಂದ, ಯಾರೋ ಹೋದ ತಿಂಗಳು ಕರಿದು ತಿಂದ ಮೀನು ನನ್ನ ಮೂಗಿಗೆ ಬಡಿಯುತ್ತದೆ. ನನ್ನ ತಟ್ಟೆಯಲ್ಲಿ ಏನೇ ಇರಲಿ, ನಾನು ತಿನ್ನುವುದು ಆ ಮೀನನ್ನೇ.

ಹೋಟೆಲುಗಳಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಡ್ರಮ್ಮುಗಳಲ್ಲಿ ತುಂಬಿ ತರುವ ವ್ಯಾನಿನ ಡ್ರೈವರ್ ಅವನು. ಆ ಎಣ್ಣೆಯಿಂದ ಬಸ್ಸು ಲಾರಿಗಳಿಗೆ ಹಾಕುವ ಬಯೋಡೀಸೆಲ್ ಮಾಡುತ್ತಾರೆ. ಆದರೆ ನಾನು ಹೇಳಹೊರಟದ್ದು ಅವನ ಕಥೆಯಲ್ಲ, ನನ್ನ ಅಕ್ಕನದು. ಅವಳು ಬಟ್ಟೆ ಒಗೆಯುವವಳು. ಅವಳು ಒಗೆದದ್ದಕ್ಕೆ ಇಸ್ತ್ರಿ ಹಾಕುವವಳು ನಾನು.

ಊರವರು ಅವಳನ್ನು ಬಿಳಿಯಕ್ಕ ಎನ್ನುತ್ತಾರೆ. ಮೈಬಣ್ಣ ನೋಡಿ ಇಟ್ಟ ಹೆಸರಲ್ಲ. ಬಿಸಿಲಲ್ಲಿ ನಿಂತೂ ನಿಂತೂ ಅವಳು ಇದ್ದಿಲಿನ ಒಡಹುಟ್ಟಿದವಳ ಹಾಗಿದ್ದಾಳೆ. ಅವಳ ಕೈಯಿಂದ ಬಂದ ಬಟ್ಟೆ ನೋಡಿ ಇಟ್ಟ ಹೆಸರು ಅದು. ಅಮ್ಮ ಹೋದಾಗ ನಾನಿನ್ನೂ ಸರಿಯಾಗಿ ಮೂಗು ಒರೆಸಿಕೊಳ್ಳಲು ಕಲಿತಿರಲಿಲ್ಲ. ನನ್ನನ್ನು ಸಾಕಿದವಳು ಅಕ್ಕನೇ. ಅವಳಿಗೂ ಮದುವೆಯಾಗಿತ್ತು. ಗಂಡ ಯಾವುದೋ ಊರಿಗೆ ಕೆಲಸ ಹುಡುಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಯಾರಾದರೂ ಆ ಮಾತು ತೆಗೆದರೆ, ಅಕ್ಕ ಕಲ್ಲಿನ ಮೇಲೆ ಬಟ್ಟೆ ಬಡಿಯುವುದನ್ನು ನಿಲ್ಲಿಸದೆ, "ಕೊಳೆ ತಾನಾಗೇ ಬಿಟ್ಟು ಹೋದ್ರೆ ಒಳ್ಳೇದೇ ಅಲ್ವಾ? ನನಗೆ ಸೋಪು ಉಳೀತು" ಎನ್ನುತ್ತಿದ್ದಳು.

ನಮ್ಮ ಮನೆ ಊರಿನ ಅಂಚಿನಲ್ಲಿ, ಹಳ್ಳದ ದಂಡೆಗೆ ಅಂಟಿಕೊಂಡಿದೆ. ಮುಂದಿನ ಕೋಣೆಯಲ್ಲಿ ನನ್ನ ಇಸ್ತ್ರಿ ಮೇಜು, ಹಿಂದೆ ತಗಡಿನ ಚಪ್ಪರ, ಅದರಾಚೆ ನಾಲ್ಕಾರು ಮೆಟ್ಟಿಲಿಳಿದರೆ ಒಗೆಯುವ ಕಲ್ಲುಗಳು. ಅಕ್ಕನಿಗೆ ಅವಳದೇ ಆದ ಕಟ್ಟುನಿಟ್ಟು. ಸೋಪಿನ ನೀರು ಒಂದು ತೊಟ್ಟೂ ಹಳ್ಳಕ್ಕೆ ಬೀಳಕೂಡದು. ಬಟ್ಟೆ ನೆನೆಸಿ ತಿಕ್ಕುವುದು ದಂಡೆಯ ಮೇಲಿನ ತೊಟ್ಟಿಯಲ್ಲಿ; ಆ ನೀರು ಹೋಗುವುದು ಹಿಂದಿನ ಮರಳು ಗುಂಡಿಗೆ. ಹಳ್ಳದಲ್ಲಿ ಕೊನೆಯ ಸಲ ಜಾಲಿಸುವುದು ಮಾತ್ರ. ಒಣಗಿದ ಮೇಲೆ ಒಂದೊಂದು ಬಟ್ಟೆಯನ್ನೂ ಮುಖಕ್ಕೆ ಒತ್ತಿಕೊಂಡು ಮೂಸಿಯೇ ನನ್ನ ಮೇಜಿಗೆ ಹಾಕುತ್ತಿದ್ದಳು. "ಕಣ್ಣಿಗೆ ಬಿಳಿ ಕಂಡ್ರೆ ಸಾಲದು ಕಣೇ. ವಾಸನೆ ಇದ್ರೆ ಕೊಳೆ ಇನ್ನೂ ಮನೇಲಿದೆ ಅಂತಾನೇ." ಹೆರಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ, ಲಾಡ್ಜಿನ ಹೊದಿಕೆ, ಹಳ್ಳದ ಕೆಳಬೀದಿಯ ಮನೆಗಳ ಬಟ್ಟೆಬರೆ, ಎಲ್ಲವೂ ಅವಳ ಹತ್ತಿರವೇ ಬರುತ್ತಿತ್ತು. ಕೂಸು ಹುಟ್ಟಿದ ಮನೆಯವರಂತೂ ಅದರ ಬಟ್ಟೆಯನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಹೀಗಿರುವಾಗ ಹಳ್ಳದ ಮೇಲ್ಗಡೆ ಎಣ್ಣೆ ಕಾರ್ಖಾನೆ ಬಂತು. ಗೇಟಿನ ಮೇಲೆ ದೊಡ್ಡ ಎಲೆಯ ಚಿತ್ರ. ಎಲೆ ಹಸಿರು, ಗೋಡೆ ಹಸಿರು, ಕೆಲಸಗಾರರ ಟೋಪಿಯೂ ಹಸಿರು. ನನ್ನ ಗಂಡ ಅಲ್ಲಿ ಡ್ರೈವರಾಗಿ ಸೇರಿಕೊಂಡ. ಒಂದು ದಿನ ನಾನೂ ಅವನ ಜೊತೆ ವ್ಯಾನಿನಲ್ಲಿ ಹೋಗಿದ್ದೆ, ಬುದ್ಧಿಯಿಲ್ಲದೆ. ಹೋಟೆಲುಗಳ ಹಿಂಬಾಗಿಲು ಎಂದರೆ ಏನು ಎಂದು ಅವತ್ತು ತಿಳಿಯಿತು. ಡ್ರಮ್ಮಿನ ಮುಚ್ಚಳ ತೆಗೆದರೆ ಡಾಂಬರಿನಂಥ ಎಣ್ಣೆ, ಮೇಲೆ ತೇಲುವ ಸುಟ್ಟ ಚೂರು, ಅಂಚಿಗೆ ಮೆತ್ತಿಕೊಂಡ ನೊಣ. ಒಂದರಲ್ಲಿ ಇಲಿ. ಇವನು ಅದನ್ನು ಕಡ್ಡಿಯಿಂದ ಎತ್ತಿ ಪಕ್ಕಕ್ಕೆ ಎಸೆದು, ಮಿಕ್ಕದ್ದನ್ನು ಜರಡಿಗೆ ಸುರಿದ. ಅದಾದ ಮೇಲೆ ಬಹಳ ದಿನ ಹೋಟೆಲಿನ ಬೋರ್ಡು ಕಂಡರೂ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದೆ.

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಈ ವ್ಯಾನು ಬರುವ ಮುಂಚೆ ಆ ಎಣ್ಣೆಯೆಲ್ಲ ಪೇಟೆಯ ಚರಂಡಿಗೆ ಹೋಗುತ್ತಿತ್ತು. ಅಲ್ಲಿ ಗಟ್ಟಿಯಾಗಿ, ಮಳೆ ಬಂದಾಗಲೆಲ್ಲ ಕಟ್ಟಿಕೊಂಡು, ಮಲವೆಲ್ಲ ರಸ್ತೆಗೆ ಉಕ್ಕುತ್ತಿತ್ತು. ಇನ್ನು ಕೆಲವರು ಅದನ್ನೇ ಗಾಡಿ ಅಂಗಡಿಯವರಿಗೆ ಅಗ್ಗಕ್ಕೆ ದಾಟಿಸುತ್ತಿದ್ದರು. ಅವರು ಅದರಲ್ಲೇ ಮತ್ತೆ ಕರಿದು ನಮ್ಮಂಥವರ ಹೊಟ್ಟೆಗೆ ಹಾಕುತ್ತಿದ್ದರು. ಅದು ನಿಂತಿತು. ಈ ಬಯೋಡೀಸೆಲ್ ಹಾಕಿದ ಬಸ್ಸುಗಳ ಹೊಗೆಯೂ ಅಷ್ಟು ಕಪ್ಪಲ್ಲ. ಇದೆಲ್ಲ ನಿಜ. ನಿಜವಾದ್ದರಿಂದಲೇ ಕಾರ್ಖಾನೆಯವರ ಉಳಿದ ಮಾತನ್ನೂ ನಾವೆಲ್ಲ ನಂಬಿಬಿಟ್ಟೆವು.

ಕಾರ್ಖಾನೆಯಿಂದ ಹಳ್ಳಕ್ಕೆ ಒಂದು ಪೈಪು ಹಾಕಬೇಕಿತ್ತು. ಕೆಳಬೀದಿಯವರು ಗೊಣಗಿದರು. ಅಲ್ಲಿ ತರಕಾರಿ ಬೆಳೆಯುವವರಿದ್ದಾರೆ, ಬಲೆ ಬೀಸಿ ಬದುಕುವ ಒಬ್ಬ ಮುದುಕನಿದ್ದಾನೆ, ಹಳ್ಳದ ನೀರನ್ನೇ ಮಕ್ಕಳ ತಲೆಗೆ ಹೊಯ್ಯುವ ಮನೆಗಳಿವೆ. ಮ್ಯಾನೇಜರ್ ತಾನೇ ನಮ್ಮ ಒಗೆಯುವ ಕಲ್ಲಿನ ಹತ್ತಿರ ಬಂದ. ಎಲ್ಲರೂ ಸೇರಿದರು. ಅವನದು ಬೆಣ್ಣೆಯಂಥ ಮಾತು. ಮುದುಕರಿಗೆ ಅಪ್ಪಾ, ಹೆಂಗಸರಿಗೆ ಅಮ್ಮಾ. ತರಕಾರಿಯವನು ಕೇಳಿದ, "ಪೈಪಲ್ಲಿ ಏನು ಬಿಡ್ತೀರಿ ಸ್ವಾಮಿ?"

"ಏನಿರುತ್ತಪ್ಪ? ಬೂದಿ ಇಲ್ಲ, ಬಣ್ಣ ಇಲ್ಲ. ಬರೀ ತೊಳೆದ ನೀರು."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಬಲೆಯ ಮುದುಕ ಹೇಳಿದ, "ಬಿಳಿಯಕ್ಕಾ, ನೀರಿನ ವಿಷಯ ನಿನಗೆ ಗೊತ್ತಿರೋಷ್ಟು ನಮಗೆ ಗೊತ್ತಿಲ್ಲ. ನೀನು ಹೂಂ ಅಂದ್ರೆ ನಾವೂ ಹೂಂ."

"ತೊಳೆದ ನೀರಾದ್ರೆ ಬಿಡ್ಲಿ," ಎಂದಳು ಅಕ್ಕ. "ತೊಳೀದೇ ಬಿಡೋರೇ ಜಾಸ್ತಿ ಈಗ." ಜನ ನಕ್ಕರು. ಮ್ಯಾನೇಜರನೂ ನಕ್ಕ. ಪೈಪು ಬಂತು.

ಅಕ್ಕ ಹಾಗೆ ಯಾಕೆ ಹೇಳಿದಳು ಎಂದರೆ, ಅವಳ ಬಾಯಲ್ಲಿ ತೊಳೆಯುವುದು ಬೇರೆ, ಒಗೆಯುವುದು ಬೇರೆ. ತೊಳೆದ ತಟ್ಟೆ ಎಂದರೆ ಉಣ್ಣಬಹುದಾದ ತಟ್ಟೆ. ತೊಳೆದ ಕೈ ಎಂದರೆ ಕೂಸನ್ನು ಮುಟ್ಟಬಹುದಾದ ಕೈ. ಹಾಗೆಯೇ ತೊಳೆದ ನೀರು ಎಂದರೆ ಕೊಳೆಯೆಲ್ಲ ತೆಗೆದು ಚೊಕ್ಕ ಮಾಡಿದ ನೀರು ಎಂದುಕೊಂಡಳು. ಕಾರ್ಖಾನೆ ದೊಡ್ಡದು, ನೀರನ್ನೂ ತೊಳೆಯುವ ಯಂತ್ರ ಇಟ್ಟಿರಬೇಕು ಎಂದು ಅವಳ ಲೆಕ್ಕ. ಕೊಳೆ ಬಿಟ್ಟ ನೀರಿಗೆ ಅವಳ ಕಸುಬಿನಲ್ಲಿ ಬೇರೆಯೇ ಹೆಸರಿದೆ, ಒಗೆದ ನೀರು. ಅದು ಮರಳು ಗುಂಡಿಗೆ ಹೋಗುವಂಥದ್ದು. ಮ್ಯಾನೇಜರ್ ಆ ಮಾತು ಆಡಿದ್ದರೆ ಅಕ್ಕ ಅವನನ್ನು ದಂಡೆಯಿಂದಲೇ ಓಡಿಸುತ್ತಿದ್ದಳು. ಬಟ್ಟೆ ಒಗೆಯದ ಬೇರೆ ಯಾರಾದರೂ ಆ ಜಾಗದಲ್ಲಿದ್ದಿದ್ದರೆ, ಏನನ್ನು ತೊಳೆದ ನೀರು ಸ್ವಾಮಿ ಎಂದು ಕೇಳಿಯೇ ಕೇಳುತ್ತಿದ್ದರು.

ಮೊದಮೊದಲು ಅಕ್ಕ ಖುಷಿಯಾಗಿಯೇ ಇದ್ದಳು. ಹಳ್ಳದಲ್ಲಿ ಜಾಲಿಸುವಾಗ ಬಟ್ಟೆ ಕೈಯಲ್ಲಿ ನುಣ್ಣಗೆ ಜಾರುತ್ತಿತ್ತು, ಸೋಪಿಲ್ಲದೆಯೂ ನೊರೆ ಏಳುತ್ತಿತ್ತು. "ನೀರು ಮೆತ್ತಗಾಗಿದೆ ಕಣೇ," ಎಂದಳು. ಆಮೇಲೆ ಕಲ್ಲುಗಳು ಜಾರತೊಡಗಿದವು. ಬೆರಳಲ್ಲಿ ಕೆರೆದರೆ ಉಗುರಿನ ಸಂದಿಗೆ ಬೂದುಬಣ್ಣದ ಲೋಳೆ. ಬೆಳಿಗ್ಗೆ ನೀರು ಹಾಲು ಚೆಲ್ಲಿದ ಹಾಗೆ ಬೆಳ್ಳಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ದಂಡೆಯ ಹುಲ್ಲಿನಲ್ಲಿ ಹಳದಿ ನೊರೆ ಸಿಕ್ಕಿಕೊಂಡು ನಾರುತ್ತಿತ್ತು. ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿಬಂದವು. ಹಸು ನೀರಿಗೆ ಮೂತಿ ಇಟ್ಟು, ಹಾಗೇ ತೆಗೆದು, ನಮ್ಮ ಮುಖ ನೋಡಿತು. ದನಕ್ಕಿರುವ ಮೂಗು ನಮಗಿರಲಿಲ್ಲ. ನನ್ನ ಗಂಡನ ದೆಸೆಯಿಂದ ಆ ವಾಸನೆ ನಮ್ಮ ಮನೆಯ ಗಾಳಿಯಲ್ಲೇ ಸೇರಿಹೋಗಿತ್ತು, ಹೊಸದಾಗಿ ಬಂದದ್ದು ಗೊತ್ತಾಗಬೇಕಾದರೂ ಹೇಗೆ?

ಗೊತ್ತಾದದ್ದು ಇಸ್ತ್ರಿಯಿಂದ. ಒಂದು ದಿನ ಹೆರಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಹರವಿ, ಕಾದ ಇಸ್ತ್ರಿ ಇಟ್ಟೆ. ಹಿಂದಿನಿಂದ ಗಂಡ ಬಂದು ನಿಂತ ಹಾಗಾಯಿತು. "ಮೊದ್ಲು ಹಿತ್ತಲಿಗೆ ನಡಿ, ಒಳಗೆ ಬರಬೇಡ ಅಂತ ಎಷ್ಟು ಸಲ ಹೇಳ್ಬೇಕು?" ಎಂದು ತಿರುಗದೆಯೇ ಬೈದೆ. ತಿರುಗಿ ನೋಡಿದರೆ ಕೋಣೆಯಲ್ಲಿ ನರಪಿಳ್ಳೆಯೂ ಇಲ್ಲ. ಮತ್ತೆ ಇಸ್ತ್ರಿ ಎಳೆದೆ. ಬಟ್ಟೆಯಿಂದ ಆವಿ ಎದ್ದಿತು, ಆವಿಯ ಜೊತೆ ಕರಿದ ಎಣ್ಣೆಯ ಘಾಟು. ಈಗತಾನೆ ಹೆತ್ತವರು ಮಲಗುವ ಬಟ್ಟೆಯಿಂದ ಹೋಟೆಲಿನ ಬಾಣಲೆಯ ವಾಸನೆ. ಇಸ್ತ್ರಿ ಹೋದ ದಾರಿಯಲ್ಲಿ ತೆಳ್ಳಗೆ ಹಳದಿ ಗೆರೆ. ನಾನು ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡೆ.

ಅಕ್ಕ ನಂಬಲಿಲ್ಲ. ಮತ್ತೆ ಒಗೆದಳು. ಇಸ್ತ್ರಿ ಇಟ್ಟರೆ ಮತ್ತೆ ಅದೇ. ಕುದಿಯುವ ನೀರಲ್ಲಿ ಅದ್ದಿ, ಹಳ್ಳದಲ್ಲಿ ಜಾಲಿಸಿ, ಬಿಸಿಲಲ್ಲಿ ಒಣಗಿಸಿ ತಂದಳು. ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಒತ್ತಿದಳು. ಮುಖ ಬಗ್ಗಿಸಿ ಮೂಸಿದಳು. ಒಗೆಯುವವಳಾಗಿ ಇಷ್ಟು ವರ್ಷ ಬದುಕಿದ ನನ್ನ ಅಕ್ಕ ತನ್ನ ಬಟ್ಟೆಯನ್ನು ಅಸಹ್ಯದಿಂದ ದೂರ ತಳ್ಳಿದ್ದನ್ನು ಅವತ್ತೇ ಕಂಡದ್ದು.

"ನಡಿ," ಎಂದಳು. ಹಳ್ಳದ ದಂಡೆ ಹಿಡಿದು ಇಬ್ಬರೂ ಮೇಲಕ್ಕೆ ನಡೆದೆವು, ಕಾರ್ಖಾನೆಯವರೆಗೆ.

ನನ್ನ ಗಂಡ ಗೇಟಿನಲ್ಲಿದ್ದ. ಬೇಡ ಬೇಡ ಎನ್ನುತ್ತಲೇ ಒಳಗೆ ಕರೆದುಕೊಂಡು ಹೋದ. ಒಳಗೆ ಒಂದು ಎತ್ತರದ ಟ್ಯಾಂಕು, ಪಕ್ಕದಲ್ಲಿ ಒಬ್ಬ ಕೆಲಸಗಾರ. ಟ್ಯಾಂಕಿನ ಮೇಲಿಂದ ಸಣ್ಣಗೆ ನೀರು ಬೀಳುತ್ತಿತ್ತು, ತಳದ ನಲ್ಲಿಯಿಂದ ಬೆಳ್ಳಗಿನ ನೀರು ಹೊರಬಂದು ಪೈಪಿನ ಬಾಯಿಗೆ ಇಳಿಯುತ್ತಿತ್ತು.

"ಇದೇನಪ್ಪಾ?" ಅಕ್ಕ ಕೇಳಿದಳು.

"ತೊಳೆಯೋ ಟ್ಯಾಂಕು."

"ಏನು ತೊಳೀತೀರಿ?"

"ಎಣ್ಣೆ."

"ಎಣ್ಣೇನಾ? ಎಣ್ಣೆ ಹೋಗ್ಲಿ ಅಂತ ಎಲ್ರೂ ಬಟ್ಟೆ ಒಗೀತಾರೆ. ನೀವು ಎಣ್ಣೇನೇ ತೊಳೀತೀರಾ?"

ಅವನು ಪಾಪ, ಬಿಡಿಸಿ ಹೇಳಿದ. ಹಳೆ ಎಣ್ಣೆಗೆ ಸ್ಪಿರಿಟ್ಟು, ಕಾಸ್ಟಿಕ್ ಸೋಡಾ ಹಾಕಿ ಕಲಸುತ್ತಾರೆ. ಕೆಳಗೆ ಜಿಡ್ಡಾಗಿ ಕೂತದ್ದನ್ನು ಬೇರೆ ಮಾಡುತ್ತಾರೆ. ಮೇಲೆ ನಿಂತದ್ದು ಡೀಸೆಲ್ಲು. ಆದರೆ ಅದರಲ್ಲಿ ಸೋಪು, ಸೋಡಾ, ಸ್ಪಿರಿಟ್ಟು ಉಳಿದಿರುತ್ತದೆ. ಹಾಗೇ ಹಾಕಿದರೆ ಎಂಜಿನ್ನು ಕೆಡುತ್ತದೆ. ಅದಕ್ಕೇ ನೀರು ಹಾಕಿ ತೊಳೆಯುವುದು. ಕೊಳೆಯೆಲ್ಲ ನೀರಿಗೆ ಬರುತ್ತದೆ. ಎಂಜಿನ್ನಿಗೆ ಆಗದ್ದು ಹಳ್ಳಕ್ಕೆ.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಅಕ್ಕ ಪೈಪಿನ ಕಡೆ ಕೈ ತೋರಿಸಿದಳು. ಅವನು ಕಣ್ಣು ಮಿಟುಕಿಸಲೂ ಇಲ್ಲ. "ನಾನು ಸುಳ್ಳು ಹೇಳಿಲ್ಲವಲ್ಲಮ್ಮ. ತೊಳೆದ ನೀರು ಅಂದೆ. ಎಣ್ಣೆ ತೊಳೆದ ನೀರು. ನೀವು ಇನ್ನೇನೋ ಅಂದ್ಕೊಂಡ್ರೆ ನಾನೇನು ಮಾಡ್ಲಿ?"

"ಇದು ಒಗೆದ ನೀರು," ಎಂದಳು ಅಕ್ಕ.

"ಏನೋ ಒಂದು. ಇದನ್ನ ಶುದ್ಧ ಮಾಡೋ ಟ್ಯಾಂಕು ಮುಂದಿನ ವರ್ಷ ಬರುತ್ತೆ." ಎಂಥ ನಾಜೂಕಾಗಿ ಮೂಗಿಗೆ ತುಪ್ಪ ಸವರಿದ ನೋಡಿ. ಆಮೇಲೆ ದನಿ ತಗ್ಗಿಸಿದ. "ಅಲ್ಲೀವರೆಗೆ ನಿಮಗೆ ತೊಂದರೆ ಆಗಬಾರದು. ದಿನಾ ಬೆಳಿಗ್ಗೆ ಒಂದು ಟ್ಯಾಂಕರ್ ಒಳ್ಳೆ ನೀರು ನಿಮ್ಮ ಮನೆಗೆ ಕಳಿಸ್ತೀನಿ. ನಿಮ್ಮೊಬ್ಬರಿಗೇ. ನಮ್ಮ ಕೆಲಸಗಾರರ ಬಟ್ಟೆಯೂ ನಿಮಗೇ ಕೊಡ್ತೀನಿ. ಈ ಮಾತು ಮಾತ್ರ ಕೆಳಬೀದಿಗೆ ಇಳಿಯೋದು ಬೇಡ."

ಹಳಸಿದ ಎಣ್ಣೆಗಿಂತ ಹೆಚ್ಚು ಹೇಸಿಗೆ ಹುಟ್ಟಿಸುವುದು ಇನ್ನೊಂದಿದೆ ಎಂದು ನನಗೆ ಅನಿಸಿದ್ದು ಆಗ. ಅವನ ಅಂಗಿ ಇಸ್ತ್ರಿ ಮುರಿಯದೆ ನಿಂತಿತ್ತು, ಬಾಯಿಂದ ಏಲಕ್ಕಿಯ ಪರಿಮಳ ಬರುತ್ತಿತ್ತು. ಉಗಿಯೋಣ ಎನಿಸಿತು.

ಮನೆಗೆ ಬಂದ ಮೇಲೆ ನನ್ನ ಗಂಡ ಅಕ್ಕನ ಮುಂದೆ ಕೈಮುಗಿದು ಕೂತ. "ಅತ್ತಿಗೆ, ಸುಮ್ಮನಿದ್ದುಬಿಡಿ. ನೀವು ಹೋಗಿ ಏನಂತ ಹೇಳ್ತೀರಿ? ಹಳ್ಳದ ನೀರು ಕೊಳಕು ಅಂತ ತಾನೆ? ಮರುಕ್ಷಣ ಕೇಳ್ತಾರೆ, ಹಾಗಾದ್ರೆ ನಮ್ಮ ಬಟ್ಟೆ ಯಾವ ನೀರಲ್ಲಿ ಜಾಲಿಸಿದೆ ಅಂತ. ನಿಮ್ಮ ಹೆಸರು ಹೋಗುತ್ತೆ, ಕಸುಬು ಹೋಗುತ್ತೆ. ನನ್ನ ಕೆಲಸಾನೂ ಹೋಗುತ್ತೆ."

"ನಿನ್ನದು ಹೋದ್ರೆ ಹೋಗ್ಲಿ, ಮನೆಗೆ ಸ್ವಲ್ಪ ಗಾಳಿಯಾದ್ರೂ ಬರುತ್ತೆ," ಎಂದೆ ನಾನು. (ಅವನ ಕೆಲಸ ಹೋಗಲಿಲ್ಲ. ಆ ಗಬ್ಬು ಡ್ರಮ್ಮು ಹೊರಲು ಇನ್ನೊಬ್ಬ ಸಿಗಬೇಕಲ್ಲ.) ಆದರೆ ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಟ್ಯಾಂಕರ್ ನೀರು ಬಂದರೆ ಅಕ್ಕನ ಬಟ್ಟೆ ಮೊದಲಿನಂತೆ ಬೆಳ್ಳಗಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಅವಳ ಕೈಯಲ್ಲಿ ಉಳಿಯುವುದು ಖಾಲಿ ತೊಟ್ಟಿ.

ಸೋಪು ತಿಂದು ಬಿರಿದ ಅಂಗೈಗಳನ್ನು ಅಕ್ಕ ಒಂದಕ್ಕೊಂದು ಉಜ್ಜುತ್ತಾ ಕೂತಿದ್ದಳು. ಕೊನೆಗೆ ಹೇಳಿದಳು, "ಅವತ್ತು ಬಿಡ್ಲಿ ಅಂದಿದ್ದು ನನ್ನ ಬಾಯಿ ಕಣಪ್ಪಾ. ಅವರೆಲ್ಲ ಒಪ್ಕೊಂಡಿದ್ದು ಮ್ಯಾನೇಜರನ ಮಾತಿಗಲ್ಲ."

ಮರುದಿನ ಬೆಳಿಗ್ಗೆ ಟ್ಯಾಂಕರ್ ಬಂದೇಬಿಟ್ಟಿತು. ಅಕ್ಕ ಹೋಗಿ ಕೊಳವೆಯಡಿ ಕೈ ಒಡ್ಡಿದಳು. ಕನ್ನಡಿಯಂಥ ನೀರು. ಮೂಸಿದಳು, ಒಂದು ಗುಟುಕು ಕುಡಿದೂ ನೋಡಿದಳು. "ಒಳ್ಳೆ ನೀರಪ್ಪ. ತಗೊಂಡು ಹೋಗು," ಎಂದಳು. ಡ್ರೈವರ್ ಬೆಪ್ಪಾಗಿ ನಿಂತ. ಅವಳು ಸೆಟೆದು ನಿಂತದ್ದು ನೋಡಿ ಗಾಡಿ ತಿರುಗಿಸಿದ.

ಮೊದಲು ಹೆರಿಗೆ ಆಸ್ಪತ್ರೆಗೆ ಹೋದೆವು. ದೊಡ್ಡ ನರ್ಸು ಅಕ್ಕನ ಮಾತು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. ನಮಗೆಂದು ಕಟ್ಟಿಟ್ಟ ಕೊಳೆಬಟ್ಟೆಯ ಗಂಟು ಬಾಗಿಲಲ್ಲೇ ಇತ್ತು. ಆಯಾಳನ್ನು ಕರೆದು ಅದನ್ನು ಒಳಗೆ ತೆಗೆದಿಡಿಸಿದಳು. ಅಷ್ಟಕ್ಕೇ ನಮ್ಮ ಅರ್ಧ ಅನ್ನ ಹೋಯಿತು. ಲಾಡ್ಜಿನಲ್ಲಿ ಉಳಿದರ್ಧ ಹೋಯಿತು.

ಅಲ್ಲಿಂದ ಕೆಳಬೀದಿ. ಬಲೆಯ ಮುದುಕ ಜಗಲಿಯ ಮೇಲೆ ಕೂತಿದ್ದ. "ಮೀನು ಸತ್ತಾಗಲೇ ನನಗೆ ಅನುಮಾನ ಇತ್ತು. ನೀನು ಹೂಂ ಅಂದಿದ್ದೆಯಲ್ಲ, ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ," ಎಂದ. ಅದು ಅಕ್ಕನಿಗೆ ಎಲ್ಲಿ ತಾಕಬೇಕೋ ಅಲ್ಲಿಯೇ ತಾಕಿರಬೇಕು. ಅವಳು ಜಗಲಿಯ ಕಂಬ ಹಿಡಿದುಕೊಂಡಳು. ತರಕಾರಿಯವನು ಬಾಯಿಗೆ ಬಂದ ಹಾಗೆ ಬೈದ. ಅವನ ಹೆಂಡತಿ ಸೇರಿಕೊಂಡಳು, ನೆರೆಯವರು ಸೇರಿಕೊಂಡರು. ಕಾರ್ಖಾನೆಯವರಿಂದ ಎಷ್ಟು ತಿಂದೆ ಎಂದರು. ಇಷ್ಟು ದಿನ ನಮ್ಮ ಮೈಗೆ ಏನು ಉಡಿಸಿದೆ ಎಂದರು. ಪೈಪು ಹಾಕಿದವನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಅವನ ಗೇಟು ದೂರ. ಅಕ್ಕ ಎದುರಿಗೇ ಸಿಕ್ಕಿದ್ದಳು. ಬೈದು ಸಾಕಾದ ಮೇಲೆ ತರಕಾರಿಯವನು ಬಕೆಟ್ಟು ಎತ್ತಿಕೊಂಡ. ನಮ್ಮ ಕಣ್ಣೆದುರೇ ಅದನ್ನು ಹಳ್ಳದಲ್ಲಿ ಅದ್ದಿ, ಕಿತ್ತಿಟ್ಟ ಸೊಪ್ಪಿನ ಮೇಲೆ ಚಿಮುಕಿಸಿದ. ಅವನ ಹೆಂಡತಿ ಅದೇ ನೀರಲ್ಲಿ ಮಗನ ಮುಖ ತೊಳೆಸಿದಳು. ಇಂಥವರಿಗಾಗಿಯೇ ಅಕ್ಕ ಟ್ಯಾಂಕರನ್ನು ತಿರುಗಿಸಿ ಕಳಿಸಿದ್ದು?

"ಸಾಕು ಬಾ ಅಕ್ಕ, ಮನೆಗೆ ಹೋಗೋಣ," ಎಂದೆ.

"ಇನ್ನೊಂದು ಮನೆ ಇದೆ."

ಕೊನೆಯ ಮನೆಯಲ್ಲಿ ಚಿಕ್ಕ ವಯಸ್ಸಿನ ತಾಯಿ. ಕೂಸು ಅವಳ ತೋಳಿನಲ್ಲಿ, ಅಕ್ಕ ಒಗೆದು ನಾನು ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಅದರ ಕತ್ತಿನ ಸುತ್ತ ಕೆಂಪು ಗುಳ್ಳೆ ಎದ್ದಿದ್ದವು. ಅಕ್ಕ ಎಲ್ಲವನ್ನೂ ಹೇಳಿದಳು, ಮೊದಲ ಮನೆಯಲ್ಲಿ ಹೇಳಿದ ಹಾಗೆಯೇ, ಒಂದು ಮಾತನ್ನೂ ಮೆತ್ತಗೆ ಮಾಡದೆ. ಆ ಹುಡುಗಿ ಕೂಸಿನ ಕಡೆ ಒಮ್ಮೆ ನೋಡಿ ಕೇಳಿದಳು, "ಇದನ್ನೂ ಅದೇ ನೀರಲ್ಲೇ ಒಗೆದ್ರಾ?"

"ಹೂಂ ಮಗಳೇ."

ಅವಳು ಅಲ್ಲೇ, ಬಾಗಿಲಲ್ಲೇ, ಕೂಸಿನ ಮೈಯಿಂದ ಬಟ್ಟೆ ಬಿಡಿಸಿದಳು. ಬರಿಮೈಯ ಕೂಸನ್ನು ಎದೆಗೆ ಒತ್ತಿಕೊಂಡು, ಬಟ್ಟೆಯನ್ನು ಅಕ್ಕನ ಕಾಲ ಬಳಿ ಎಸೆದಳು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಕೂಸು ಅಳತೊಡಗಿತು.

ನಾನು ಬಾಗಿಲು ಬಡಿದು ನಾಲ್ಕು ಮಾತು ಅಂದುಬಿಡೋಣ ಎಂದು ಕೈ ಎತ್ತಿದೆ. ಅಕ್ಕ ನನ್ನ ಕೈ ಹಿಡಿದು ಇಳಿಸಿದಳು. ಬಗ್ಗಿ ಬಟ್ಟೆ ಎತ್ತಿಕೊಂಡು, ಧೂಳು ಕೊಡವಿದಳು.

"ಬೈಯಬೇಡ ಕಣೇ. ಈ ಬೀದೀಲಿ ಸಿಟ್ಟಾದ ಇಷ್ಟೂ ಮನೇಲಿ ನಾನು ಹೇಳಿದ್ದನ್ನ ನಂಬಿದ್ದು ಇವಳೊಬ್ಬಳೇ."